ವೆನಿಸ್ಸಿನ ನಾಣ್ಯಕ್ಕೆ ಕುಂಕುಮ

ಹೋದ ಶನಿವಾರ ಪಿನ್ನರ್ ಹೈ ಸ್ಟ್ರೀಟಿನಲ್ಲಿ ದಾನ ಬಂದ ಹಳೇ ಸಾಮಾನು ಮಾರುವ ಚಾರಿಟಿ ಅಂಗಡಿಯ ಕಿಟಕಿಯಲ್ಲಿ ಒಂದು ಮೇಜಿನ ದೀಪ ಕಂಡಿತು. ಹೇಗೆ ಬೇಕಾದರೂ ಬಗ್ಗುವ ಕತ್ತು, ತುದಿಯಲ್ಲಿ ತಿಂಡಿ ತಟ್ಟೆಯಷ್ಟಗಲದ ಭೂತಗನ್ನಡಿ, ಅದರ ಸುತ್ತ ಬಳೆಯ ಹಾಗೆ ಬಿಳಿ ಲೈಟು. ಮಗಳು "ಮಮ್, ಕಮ್ ಆನ್" ಅಂತ ತೋಳು ಎಳೆಯುತ್ತಲೇ ಇದ್ದಳು. ನನ್ನ ಕಾಲು ಮುಂದೆ ಹೋಗಲಿಲ್ಲ. ಅದು ಅವರ ದೀಪವೇ ಅಂತ ನಾನು ಹೇಳುತ್ತಿಲ್ಲ, ಅಂಥವು ಈ ಊರಲ್ಲಿ ಬೇಕಾದಷ್ಟಿರುತ್ತವೆ. ಆದರೆ ಅಂಥದೇ ಗಾಜಿನ ಹಿಂದೆ ದೊಡ್ಡದಾಗಿ ಕಾಣುತ್ತಿದ್ದ ಒಂದು ಕಣ್ಣು, ಅದರ ಮೇಲಿನ ಬಿಳಿ ಹುಬ್ಬು, ಒಂದು ಕಡೆಗೆ ವಾಲಿಸಿದ ತಲೆ… ಎಲ್ಲ ಒಟ್ಟಿಗೆ ನೆನಪಾಗಿ ಅಲ್ಲೇ ನಿಂತುಬಿಟ್ಟೆ.

ಅವರು ನಮ್ಮ ಪಕ್ಕದ ಮನೆಯವರು, ಇಂಗ್ಲಿಷರು. ಯಾವುದೋ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ರಿಟೈರಾದವರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಹೆಸರೇನೋ ಚೆನ್ನಾಗಿಯೇ ಇತ್ತು, ಆದರೆ ನಮ್ಮನೆಯಲ್ಲಿ ಅದನ್ನು ಯಾರೂ ಬಳಸಲಿಲ್ಲ. ಮೈಸೂರಿನಿಂದ ಬಂದ ನಮ್ಮಮ್ಮ ಮೊದಲನೇ ವಾರವೇ ಅವರನ್ನು "ಮೇಷ್ಟ್ರು" ಅಂತ ಕರೆದಳು, ಆಮೇಲೆ ನನಗೂ ನಮ್ಮ ಯಜಮಾನರಿಗೂ ಅವರು ಮೇಷ್ಟ್ರೇ ಆದರು. ಎರಡು ಮನೆಗೂ ಒಂದೇ ನಡುಗೋಡೆ. ನಮ್ಮ ಕುಕ್ಕರ್ ಕೂಗಿದ್ದು ಅವರಿಗೆ ಕೇಳುತ್ತಿತ್ತು, ಅವರ ರೇಡಿಯೋ ನಮಗೆ.

ಕ್ವೀನ್ಸ್‌ಬರಿಯ ಫ್ಲ್ಯಾಟ್ ಬಿಟ್ಟು ನಾವು ಈ ಮನೆಗೆ ಬಂದಾಗ ನನಗೆ ಒಳಗೊಳಗೇ ಪುಕುಪುಕು. ಅಲ್ಲಿ ಕೆಳಗಿಳಿದರೆ ಕರಿಬೇವು, ತೆಂಗಿನಕಾಯಿ, ನಮ್ಮವರ ಮುಖ. ಇಲ್ಲಿ ಬೀದಿಗೆ ಬೀದಿಯೇ ಗಪ್‌ಚುಪ್. ಒಗ್ಗರಣೆ ಹಾಕುವಾಗ ಕಿಟಕಿ ತೆಗೆಯಬೇಕೋ ಮುಚ್ಚಬೇಕೋ ಅಂತ ಯೋಚಿಸುತ್ತಿದ್ದ ದಿನಗಳು. ಒಂದು ಬೆಳಗ್ಗೆ ಬೇಲಿಯಾಚೆಯಿಂದ ಈ ಮನುಷ್ಯ ಯಾವ ವಾರ ಯಾವ ಬಣ್ಣದ ಕಸದ ಡಬ್ಬಿ ಹೊರಗಿಡಬೇಕು ಅಂತ ಪೂರಾ ಪಾಠ ಮಾಡಿ, ಕೊನೆಗೆ, ನಿನ್ನೆ ನಿಮ್ಮನೆಯಲ್ಲಿ ಏನು ಹುರಿದಿರಿ, ನನಗೆ ರಾತ್ರಿಯೆಲ್ಲ ಹಸಿವು ಅಂದರು. ಮಾರನೇ ದಿನ ಒಂದು ಡಬ್ಬಿ ಬಿಸಿಬೇಳೆಬಾತ್ ಬೇಲಿ ದಾಟಿತು. ಡಬ್ಬಿ ವಾಪಸು ಕೊಡಲು ಬಂದವರು, ಬನ್ನಿ, ನನ್ನ ಹತ್ತಿರವೂ ತೋರಿಸುವಂಥದ್ದು ಒಂದಿದೆ ಅಂತ ಕರೆದುಕೊಂಡು ಹೋದರು.

ಮರದ ಟ್ರೇ. ಹಸಿರು ಮಖಮಲ್ಲಿನ ಗುಣಿಗಳಲ್ಲಿ ಪುಟ್ಟ ಪುಟ್ಟ ಬೆಳ್ಳಿ ನಾಣ್ಯಗಳು, ಬಳೆಗಾರ ತನ್ನ ಪೆಟ್ಟಿಗೆ ತೆರೆದ ಹಾಗೆ. ಇಟಲಿಯವು, ಏಳೆಂಟು ನೂರು ವರ್ಷದಷ್ಟು ಹಳೆಯವು. ಅವರೂ ಅವರ ಹೆಂಡತಿಯೂ ಬೇಸಿಗೆ ರಜದಲ್ಲಿ ಇಟಲಿಗೆ ಹೋಗುತ್ತಿದ್ದರಂತೆ. ಸಲಕ್ಕೆ ಒಂದೇ ಊರು, ಒಂದೇ ನಾಣ್ಯ, ಅದೂ ಆ ಊರಲ್ಲೇ ಹಿಂದೆ ಅಚ್ಚಾದದ್ದು. ಯಾವುದನ್ನು ಕೊಳ್ಳುವುದು ಅಂತ ಆರಿಸುತ್ತಿದ್ದವರು ಹೆಂಡತಿ. ಆಗೆಲ್ಲ ಒಂದೊಂದು ಊರೂ ಒಂದೊಂದು ರಾಜ್ಯ, ಒಂದೊಂದಕ್ಕೂ ತನ್ನದೇ ಚಿತ್ರ. ಜಿನೋವದ್ದಕ್ಕೆ ಊರಿನ ಹೆಬ್ಬಾಗಿಲು. ಫ್ಲಾರೆನ್ಸಿನದಕ್ಕೆ ಅರಳಿದ ಲಿಲ್ಲಿ ಹೂವು. ಲುಕ್ಕ ಅನ್ನುವ ಊರಿನದಕ್ಕೆ ಕಿರೀಟ ಇಟ್ಟ ಗಡ್ಡದ ಮುಖ. ಓದು ಬಾರದವನೂ ಚಿತ್ರ ನೋಡಿ ಇದು ಇಂಥ ಊರಿನದು ಅನ್ನಬಹುದಿತ್ತು ಅಂದರು. ನಾನು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟು, ಮಾತ್ರೆಯ ಮೇಲಿನ ಗೆರೆ ಗುರುತು ನೋಡಿ ಇದು ಇಂಥದ್ದೇ ಅನ್ನುವವಳು. ನಮ್ಮದೂ ಅದೇ ಕೆಲಸ ಅಂದೆ. ಎಷ್ಟು ನಕ್ಕರು ಅಂದರೆ ಟೀ ಚೆಲ್ಲಿಕೊಂಡರು.

ಎಲ್ಲಕ್ಕಿಂತ ಅವರಿಗೆ ಪ್ರೀತಿ ವೆನಿಸ್ಸಿನದರ ಮೇಲೆ. ಮದುವೆಯಾದ ವರ್ಷ ಕೊಂಡದ್ದಂತೆ. ಒಂದು ಕಡೆ ಇಬ್ಬರು ನಿಂತಿದ್ದಾರೆ, ಒಬ್ಬ ಆ ಊರಿನ ಸಂತ, ಇನ್ನೊಬ್ಬ ಊರಾಳುವ ದೊರೆ. ಸಂತ ದೊರೆಯ ಕೈಗೆ ಬಾವುಟದ ಕೋಲು ಕೊಡುತ್ತಿದ್ದಾನೆ, ಕೋಲಿನುದ್ದಕ್ಕೂ ಮೇಲಿಂದ ಕೆಳಕ್ಕೆ ಅಕ್ಷರ. ಇನ್ನೊಂದು ಕಡೆ ಸಿಂಹಾಸನದಲ್ಲಿ ಏಸು, ತಲೆಯ ಸುತ್ತ ಪ್ರಭೆ. ಕಾಗದದಷ್ಟು ತೆಳ್ಳಗಿನ ಬೆಳ್ಳಿ, ಕಾಲ ಹೋಗಿ ಹೋಗಿ ಕಪ್ಪಾಗಿತ್ತು. ಅಂಚಲ್ಲೇ ಹಿಡಿಯಬೇಕು, ಮೈ ಮುಟ್ಟಬಾರದು ಅಂತ ಕಲಿಸಿಕೊಟ್ಟರು.

ಎರಡು ವರ್ಷ ಕಳೆಯುವಷ್ಟರಲ್ಲಿ ಅವರ ಕಣ್ಣು ಕೈಕೊಟ್ಟಿತು. ವಯಸ್ಸಾದವರಿಗೆ ಬರುವಂಥದ್ದೇ. ನೋಡಬೇಕಾದ ವಸ್ತುವಿನ ನಟ್ಟನಡುವೆ ಮಸಿ ಮೆತ್ತಿದ ಹಾಗಾಗಿ ಸುತ್ತಲಿನದು ಮಾತ್ರ ಕಾಣುತ್ತದಲ್ಲ, ಅದು. ಮಾತಾಡುವಾಗ ತಲೆ ವಾಲಿಸಿ ಓರೆಗಣ್ಣಲ್ಲಿ ನನ್ನ ಮುಖ ಹುಡುಕುತ್ತಿದ್ದರು. ಆಗ ಬಂದದ್ದೇ ಆ ದೀಪ. ಅದರ ಕೆಳಗೆ ನಾಣ್ಯ ಇಟ್ಟುಕೊಂಡು ಗಂಟೆಗಟ್ಟಲೆ ಕೂತರೂ ಅವರಿಗೆ ಕಾಣುತ್ತಿದ್ದದ್ದು ಬರೀ ಒಂದು ಬೂದು ಬಿಲ್ಲೆ. ಚಿತ್ರದ ಗೆರೆಯೂ ಬೆಳ್ಳಿ, ಹಿಂದಿನ ಬಯಲೂ ಬೆಳ್ಳಿ, ಯಾವುದನ್ನು ಯಾವುದರಿಂದ ಬಿಡಿಸಿಕೊಳ್ಳುವುದು? ನಾನು ಫೋನಿನಲ್ಲಿ ಫೋಟೋ ಹೊಡೆದು ಟಿ.ವಿ.ಯಲ್ಲಿ ದೊಡ್ಡದು ಮಾಡಿ ತೋರಿಸಿದೆ. ಒಳ್ಳೆ ಫೋಟೋ ಅಂದರು, ಅಷ್ಟೆ. ಊಟದ ಫೋಟೋ ನೋಡಿದರೆ ಹೊಟ್ಟೆ ತುಂಬುತ್ತದೆಯೇ.

ಒಂದು ದಿನ ಬೇಲಿಯ ಹತ್ತಿರ ನಿಂತು, ಎಲ್ಲ ಮಾರಿಬಿಡುತ್ತೇನೆ, ಡೀಲರ್ ಒಬ್ಬನಿಗೆ ಹೇಳಿದ್ದೇನೆ ಅಂದರು. ಯಾಕೆ, ಇಟ್ಟುಕೊಳ್ಳಿ ಅಂದೆ. ಟ್ರೇ ತೆಗೆದಾಗಲೆಲ್ಲ ಆ ಬೇಸಿಗೆಗಳು ಒಂದೊಂದಾಗಿ ಅಳಿಸಿಹೋಗುವುದನ್ನು ನೋಡುತ್ತ ಕೂರಲಾರೆ, ಅದಕ್ಕಿಂತ ಇಲ್ಲದಿರುವುದೇ ಲೇಸು ಅಂದರು. ಆ ಟ್ರೇ ಹೋದರೆ ಈ ಮನುಷ್ಯ ಯಾವುದಕ್ಕೆ ಬೆಳಗ್ಗೆ ಏಳುತ್ತಾರೆ? ಆದರೆ ಹೇಳುವುದಕ್ಕೆ ನಾನ್ಯಾರು. ಡೀಲರ್ ಮೊದಲು ಒಂದು ನಾಣ್ಯದ ಒಳ್ಳೆ ಫೋಟೋ ಕೇಳಿದ್ದ. ವೆನಿಸ್ಸಿನದನ್ನು ಲಕೋಟೆಗೆ ಹಾಕಿ ನನ್ನ ಕೈಲಿಟ್ಟು, ನಿಮ್ಮ ರಜದ ದಿನ ಹಗಲು ಬೆಳಕಿನಲ್ಲಿ ತೆಗೆಯಿರಿ, ಅವಸರವಿಲ್ಲ ಅಂದರು.

ಇಷ್ಟು ಹಳೆಯ ವಸ್ತು ಎಲ್ಲಿಡುವುದು? ನಮ್ಮ ಕಡೆ ಬೆಲೆ ಬಾಳುವುದು ಏನೇ ಮನೆಗೆ ಬಂದರೂ ಮೊದಲು ದೇವರ ಮುಂದೆ ಇಡುವುದು. ಸಂಬಳವಾಗಲಿ, ಒಡವೆಯಾಗಲಿ, ಮನೆಯ ಕೀಲಿಕೈಯಾಗಲಿ. ಪುಟ್ಟ ಲಕೋಟೆ ಸಮೇತ ದೇವರ ಗೂಡಿನಲ್ಲಿಟ್ಟು ಕೈಮುಗಿದು ಡ್ಯೂಟಿಗೆ ಹೋದೆ.

ಇಲ್ಲಿ ಅಮ್ಮನ ವಿಷಯ ಹೇಳಬೇಕು. ಅಪ್ಪ ಹೋದ ಮರುವರ್ಷ ಅಣ್ಣ ಅವಳನ್ನು ನಮ್ಮಲ್ಲಿಗೆ ಕಳಿಸಿದ್ದ, ಜಾಗ ಬದಲಾದರೆ ಮನಸ್ಸು ಹಗುರಾಗಬಹುದು ಅಂತ. ಎಲ್ಲಿಯ ಹಗುರ. ಅಮ್ಮ ಅಡುಗೆಮನೆ ಬಿಟ್ಟು ಈಚೆ ಬರುತ್ತಿರಲಿಲ್ಲ. ಅಪ್ಪ ಹೋದಾಗಿನಿಂದ ಕುಂಕುಮದ ಭರಣಿ ಮುಟ್ಟಿರಲಿಲ್ಲ. ಹಣೆಯ ಮಾತು ಬಿಡಿ, ದೇವರಿಗೆ ಇಡುವುದಕ್ಕೂ ನನ್ನನ್ನು ಕರೆಯುವಳು. ಯಾರೂ ಬೇಡ ಅಂದಿರಲಿಲ್ಲ, ಅಣ್ಣ ಅತ್ತಿಗೆ ಎಷ್ಟು ಸಲ ಹೇಳಿದ್ದರೋ. ನನ್ನ ಕೈ ಈಗ ಆ ಕೆಲಸಕ್ಕಲ್ಲ ಕಣೇ ಅಂದು ಸುಮ್ಮನಾಗುವಳು. ನಾನು ಜಗಳವಾಡಿದೆ, ಅತ್ತು ಕರೆದೆ, ರೇಗಿದೆ, ಏನೂ ನಡೆಯಲಿಲ್ಲ.

ಆ ವಾರವೇ ವರಮಹಾಲಕ್ಷ್ಮಿ ಹಬ್ಬ. ಪೂಜೆಗೆ ಕೂರುವುದಿಲ್ಲ, ಬೆಳ್ಳಿ ತೊಳೆಯುವುದು ಮಾತ್ರ ನನಗಿರಲಿ ಅಂದಿದ್ದಳು ಅಮ್ಮ. ಹಿಂದಿನ ದಿನ ಗೂಡಿನಲ್ಲಿದ್ದ ಬೆಳ್ಳಿಯನ್ನೆಲ್ಲ ಸಿಂಕಿಗೆ ಸುರಿದುಕೊಂಡು ನಿಂತಳು. ದೀಪ, ಪಂಚಪಾತ್ರೆ, ಲಕ್ಷ್ಮಿಯ ಮುಂದಿಡುವ ಅಜ್ಜಿಯ ಕಾಲದ ಬೆಳ್ಳಿ ರೂಪಾಯಿಗಳು. ಲಕೋಟೆಯಲ್ಲಿ ಇನ್ನೊಂದು ಸಿಕ್ಕಿತು. ಕಪ್ಪು ಹಿಡಿದಿದೆ, ಆದರೆ ಬೆಳ್ಳಿ. ಮೇಲೆ ಯಾರೋ ದೇವರು ಪೀಠದ ಮೇಲೆ ಕೂತಿದ್ದಾನೆ, ತಲೆಗೆ ಪ್ರಭಾವಳಿ ಬೇರೆ. ಮಗಳು ಹಬ್ಬಕ್ಕೆ ಅಂತ ತಂದಿಟ್ಟಿದ್ದಾಳೆ, ಪಾಪ, ತೊಳೆಯಲು ಹೊತ್ತಾಗಿಲ್ಲ ಅಂದುಕೊಂಡಳು ಅಮ್ಮ. ಬೆಳ್ಳಿಗೆ ವಿಭೂತಿ ಹಾಕಿ ಉಜ್ಜುವುದು ಅವಳ ಪದ್ಧತಿ. ವಿಭೂತಿಗೆ ಬಗ್ಗದ ಕಪ್ಪಿಗೆ ಟೂತ್‌ಪೇಸ್ಟು. ಅದಕ್ಕೂ ಬಗ್ಗದಿದ್ದರೆ ಇನ್ನೊಂದು ಸಲ ಟೂತ್‌ಪೇಸ್ಟು.

ಶುಕ್ರವಾರ ಬೆಳಗ್ಗೆ ಅರ್ಧ ದಿನ ರಜ ಹಾಕಿ ನಾನು ಪೂಜೆ ಮಾಡಿದೆ. ಒಂದೊಂದು ನಾಮಕ್ಕೂ ಒಂದೊಂದು ಚಿಟಿಕೆ ಕುಂಕುಮ, ಅಮ್ಮ ತೊಳೆದು ತಟ್ಟೆಯಲ್ಲಿಟ್ಟಿದ್ದ ರೂಪಾಯಿಗಳೆಲ್ಲ ಕುಂಕುಮದಲ್ಲಿ ಮುಳುಗಿದವು. ಮಧ್ಯಾಹ್ನ ಊಟಕ್ಕೆ ಮೇಷ್ಟ್ರನ್ನು ಕರೆದಿದ್ದೆ. ಅಷ್ಟರೊಳಗೆ ಫೋಟೋ ತೆಗೆದುಬಿಡೋಣ ಅಂತ ಗೂಡಿಗೆ ಕೈ ಹಾಕಿದರೆ ಲಕೋಟೆ ಖಾಲಿ. ಅಮ್ಮನನ್ನು ಕೇಳಿದೆ. ಅದಾ, ಹೊಳೆಯೋ ಹಾಗೆ ಮಾಡಿದೀನಿ ನೋಡು ಅಂತ ತಟ್ಟೆ ತೋರಿಸಿದಳು. ಕುಂಕುಮದ ರಾಶಿಯೊಳಗಿಂದ ಎತ್ತಿಕೊಂಡೆ. ಫಳಫಳ. ಶತಮಾನಗಳ ಕಪ್ಪು ನಮ್ಮ ಸಿಂಕಿನಲ್ಲಿ ಹರಿದುಹೋಗಿತ್ತು. ಅದು ಯಾರದ್ದು, ಏನು ಅಂತ ಹೇಳಿದ ಮೇಲೆ ಅಮ್ಮ ಗೋಡೆ ಹಿಡಿದು ಕುಕ್ಕರಿಸಿದಳು. ಅಷ್ಟರಲ್ಲಿ ಮೇಷ್ಟ್ರು ಬಾಗಿಲು ಬಡಿದರು.

ಮುಚ್ಚಿಡುವ ಮಾತೇ ಇರಲಿಲ್ಲ. ಒಳಗೆ ಕೂರಿಸಿ ನಡೆದದ್ದನ್ನೆಲ್ಲ ಹೇಳಿ ನಾಣ್ಯ ಕೈಗಿಟ್ಟೆ. ಅವರ ಮುಖ ಬಿಳಿಚಿಕೊಂಡಿತು. ಎದ್ದು ಕಿಟಕಿಯ ಹತ್ತಿರ ಹೋದರು. ಅಂಚಲ್ಲಿ ಹಿಡಿದು, ತಲೆ ಆ ಕಡೆ ಈ ಕಡೆ ವಾಲಿಸಿ ನೋಡಿದರು. ಜೇಬಿನಿಂದ ಪುಟ್ಟ ಭೂತಗನ್ನಡಿ ತೆಗೆದು ಮತ್ತೆ ನೋಡಿದರು.

"ಕೂತಿದ್ದಾನೆ," ಅಂದರು, ಅವರ ಇಂಗ್ಲಿಷಿನಲ್ಲಿ. "ಅಲ್ಲಿ ಕೂತಿದ್ದಾನೆ. ನನಗೆ ಕಾಣುತ್ತಿದ್ದಾನೆ."

ಹತ್ತಿರ ಹೋಗಿ ನೋಡಿದೆ. ಉಬ್ಬಿದ ಕಡೆಯೆಲ್ಲ ಬೆಳ್ಳಗೆ ಹೊಳೆಯುತ್ತಿದ್ದರೆ ತಗ್ಗಿನಲ್ಲೆಲ್ಲ ಕುಂಕುಮ ಕೂತುಬಿಟ್ಟಿತ್ತು. ಕೆಂಪು ಗೆರೆ ಎಳೆದ ಹಾಗೆ ಮಂಡಿ, ತೋಳು, ಬಟ್ಟೆಯ ನೆರಿಗೆ, ಸಿಂಹಾಸನದ ಕಾಲು, ಒಂದೊಂದೂ ಬಿಡಿಬಿಡಿ. ತಿರುಗಿಸಿದರೆ ಇಬ್ಬರು ನಿಂತವರು, ನಡುವೆ ಬಾವುಟದ ಕೋಲು. ಕೋಲಿನ ಮೇಲಿನ ಅಕ್ಷರಗಳನ್ನು ಮೇಷ್ಟ್ರು ಒಂದೊಂದಾಗಿ ಓದಿದರು. ಓದುತ್ತ ಓದುತ್ತ ಕಣ್ಣಲ್ಲಿ ನೀರು ಬಂದು ಮತ್ತೆ ಕಾಣದ ಹಾಗಾಯಿತು. ಕರವಸ್ತ್ರ ಹುಡುಕಿಕೊಂಡು ಒರೆಸಿಕೊಂಡು, ಇದನ್ನು ಮಾಡಿದ್ದು ಯಾರು ಅಂದರು.

ಅಮ್ಮ ನನ್ನ ಬೆನ್ನ ಹಿಂದೆ ಸೆರಗು ಹಿಡಿದು ನಿಂತಿದ್ದಳು. ಬೈಗುಳಕ್ಕೆ ತಯಾರಾಗಿದ್ದಳು, ಪಾಪ. ಮೇಷ್ಟ್ರು ಅವಳ ಕಡೆ ತಿರುಗಿ, ಮಿಕ್ಕವಕ್ಕೂ ಹೀಗೇ ಕೆಂಪು ತುಂಬಿಕೊಡಲು ಆಗುತ್ತದೆಯೇ ಅಂತ ಕೇಳಿದರು. ಉಜ್ಜುವುದು ಬೇಡ, ದಯವಿಟ್ಟು ಉಜ್ಜುವುದು ಬೇಡ, ಕೆಂಪು ಮಾತ್ರ. ನಾನು ತುಂಬಿಕೊಡುತ್ತೇನೆ ಅಂದೆ. ನೀವು ಇಡೀ ದಿನ ಕೆಲಸಕ್ಕೆ ಹೋಗುವವರು, ಅಮ್ಮ ಮನೆಯಲ್ಲಿರುತ್ತಾರಲ್ಲ, ನಾನು ಬೆಳಗ್ಗೆ ಹೊತ್ತು ಟ್ರೇ ತರುತ್ತೇನೆ ಅಂದರು. ಅವರಿಗೇನು ಗೊತ್ತು?

ಅಮ್ಮ ನನ್ನ ತೋಳು ತಿವಿದು ಏನಂತೆ ಅಂದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಮ್ಮ ಭರಣಿಯ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ಮೇಷ್ಟ್ರು ಓರೆಗಣ್ಣಲ್ಲಿ ಅವಳನ್ನೇ ನೋಡುತ್ತ ನಿಂತಿದ್ದರು.

"ಕಣ್ಣಿಗೆ ತಾನೇ?" ಅಂದಳು ಅಮ್ಮ. "ಕೊಡು ಇಲ್ಲಿ."

ಡೀಲರ್ ಮುಂದಿನ ವಾರ ಬಂದ. ಮೇಷ್ಟ್ರು ಆಮೇಲೆ ಅಭಿನಯ ಸಮೇತ ತೋರಿಸಿದರು, ನಾಣ್ಯ ನೋಡಿದ ಅವನಿಗೆ ಹಾವು ತುಳಿದ ಹಾಗಾಯಿತಂತೆ. ಯಾವ ಅವಿವೇಕಿ ಇದನ್ನು ಹಾಳು ಮಾಡಿದ್ದು ಅಂತ ಕೇಳಿದನಂತೆ. ಹಾಳಾಗಿದ್ದರೆ ನಾನೇ ಇಟ್ಟುಕೊಳ್ಳುತ್ತೇನೆ ಬಿಡಿ, ಮಿಕ್ಕವೂ ನಾಳೆಯಿಂದ ಹಾಳಾಗಲಿವೆ ಅಂದು, ಅಮ್ಮ ಕೊಟ್ಟಿದ್ದ ಕೋಡುಬಳೆ ತಿನ್ನಿಸಿ ಕಳಿಸಿಬಿಟ್ಟರು.

ಆವತ್ತಿನಿಂದ ಬೆಳಗ್ಗೆ ನಮ್ಮ ಊಟದ ಮೇಜೇ ಅವರ ಶಾಲೆ. ಅಮ್ಮ ಬೆರಳ ತುದಿಯಲ್ಲಿ ಕುಂಕುಮ ತೊಗೊಂಡು ನಾಣ್ಯದ ಮೇಲೆ ಮೆತ್ತಗೆ ಸವರಿ, ಹಳೇ ಪಂಚೆಯ ತುಂಡಿನಿಂದ ಮೇಲಿನದನ್ನು ಒರೆಸುವಳು. ತೀರಾ ಕಪ್ಪಗಿದ್ದವಕ್ಕೆ ಕೆಂಪು ಎದ್ದು ಕಾಣದು ಅಂತ ವಿಭೂತಿ ಹಚ್ಚಿದಳು, ಕಪ್ಪಿನೊಳಗೆ ಬಿಳೀ ಹೂವು ಅರಳಿತು. ಮೇಷ್ಟ್ರು ದೀಪದ ಕೆಳಗಿಟ್ಟು ಹೇಳುವರು: ಗೇಟ್. ಫ್ಲವರ್. ಸಿಟ್ಟಿಂಗ್. ಫೇಸ್. ಅಮ್ಮ ತಿರುಗಿ ಹೇಳುವಳು: ಬಾಗಿಲು, ಹೂವು, ಕೂತಿದ್ದಾನೆ, ಮುಖ. ನಾನು ಸಂಜೆ ಬರುವಷ್ಟರಲ್ಲಿ ಇಬ್ಬರ ನಡುವೆ ಏನೇನು ಮಾತಾಗಿರುತ್ತಿತ್ತೋ. ಅವರ ಹೆಂಡತಿಗೆ ಮಂಡಿ ನೋವಿತ್ತು ಅನ್ನುವುದು ಅಮ್ಮನಿಗೆ ಗೊತ್ತು, ನನಗೆ ಗೊತ್ತಿಲ್ಲ! ಅಪ್ಪನಿಗೆ ಸಿಹಿ ಇಷ್ಟ ಅಂತ ಅವರಿಗೆ ಗೊತ್ತು. ಭಾಷೆಯಿಲ್ಲದೆ ಅದು ಹೇಗೆ ನಡೆಯಿತೋ ನಾ ಕಾಣೆ.

ಕಣ್ಣಾಸ್ಪತ್ರೆಗೆ ಅವರನ್ನು ನಾನು ಕಾರಿನಲ್ಲಿ ಬಿಡುತ್ತಿದ್ದೆ, ಡಾಕ್ಟರ ಹತ್ತಿರ ಅವರೊಬ್ಬರೇ ಹೋಗುವರು. ಒಂದು ದಿನ ದಾರಿಯಲ್ಲಿ, ಅವತ್ತು ಅಮ್ಮ ಆ ಕೆಂಪು ಪುಡಿಯ ಡಬ್ಬಿಯನ್ನು ಅಷ್ಟು ಹೊತ್ತು ನೋಡಿದ್ದು ಯಾಕೆ ಅಂತ ಕೇಳಿದರು. ಹೇಳಿದೆ. ಅಪ್ಪ ಹೋದದ್ದು, ಕುಂಕುಮ ಬಿಟ್ಟದ್ದು, ನಮ್ಮ ಜಗಳ, ಎಲ್ಲ. ಆಮೇಲೆ, ಹಾಗಾದರೆ ನಾನು ಕೇಳಬಾರದ್ದನ್ನು ಕೇಳಿದೆನೇ ಅಂದರು. ಇಲ್ಲ ಮೇಷ್ಟ್ರೇ, ನಾವು ಯಾರೂ ಕೇಳಲಾರದ್ದನ್ನು ಕೇಳಿದಿರಿ ಅಂದೆ.

ಅಮ್ಮ ಆರು ತಿಂಗಳಿದ್ದು ಊರಿಗೆ ಹೋದಳು. ಆಮೇಲೆ ಬೇಸಿಗೆ ಬಂದರೆ ಸಾಕು, ಅವಳೇ ಟಿಕೆಟ್ ಮಾಡಿಸು ಅಂತ ಅಣ್ಣನ ಪ್ರಾಣ ತಿನ್ನುವಳು. ಬರುವಾಗ ಮೈಸೂರಿನ ಮಾರುಕಟ್ಟೆಯಿಂದ ಮೇಷ್ಟ್ರಿಗೆ ಅಂತಲೇ ಬೇರೆ ಕುಂಕುಮದ ಪೊಟ್ಟಣ. ಅವಳಿಲ್ಲದಾಗ ನಾನು ಹಚ್ಚಿಕೊಡುತ್ತಿದ್ದೆ. ನಿಮ್ಮದು ಆಸ್ಪತ್ರೆಯ ಕೈ, ಅಮ್ಮನದು ಹಗುರ ಅಂತ ಆಡಿಕೊಳ್ಳುವರು. ಹೋದ ಬೇಸಿಗೆಯಲ್ಲೂ ಅಮ್ಮ ಬಂದಿದ್ದಳು. ಅದೇ ಮೇಜು, ಅದೇ ಟ್ರೇ, ಗೇಟು, ಫ್ಲವರು, ಸಿಟ್ಟಿಂಗು… ಮೇಷ್ಟ್ರು ಬಡವಾಗಿದ್ದರು, ಕೋಲು ಹಿಡಿದು ಬರುತ್ತಿದ್ದರು, ಆದರೆ ಒಂದು ಬೆಳಗ್ಗೆಯೂ ತಪ್ಪಿಸಲಿಲ್ಲ.

ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದವರು ಮನೆಗೆ ಬರಲಿಲ್ಲ. ಫ್ಯೂನರಲ್ಲಿಗೆ ಹೋಗಿದ್ದೆವು. ಅವರ ತಂಗಿಯ ಮಗಳು ನನ್ನ ಕೈ ಹಿಡಿದುಕೊಂಡು ಥ್ಯಾಂಕ್ಸ್ ಹೇಳಿದಳು. ನಾಣ್ಯಗಳು ಈಗ ಅವಳ ಹತ್ತಿರವೇ ಇವೆ, ಮಾರುವುದಿಲ್ಲ ಅಂದಳು. ಕೊನೆಯವರೆಗೂ ಅವುಗಳನ್ನು ನೋಡುತ್ತಿದ್ದರಲ್ಲ, ಅಷ್ಟೇ ಸಮಾಧಾನ ಅಂದೆ ನಾನು. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ನೋಡುವುದೆಲ್ಲಿ ಬಂತು, ಹೋದ ಬೇಸಿಗೆಗೆ ಮುಂಚೆಯೇ ಅವರಿಗೆ ಬೆಳಕು ಕತ್ತಲು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ, ನಿಮಗೆ ಗೊತ್ತಿರಲಿಲ್ಲವೇ ಅಂದಳು.

ಇಡೀ ಬೇಸಿಗೆ. ಅಮ್ಮನ ಎದುರು ಕೂತು, ದೀಪ ಹಚ್ಚಿಕೊಂಡು, ತಲೆ ವಾಲಿಸಿಕೊಂಡು… ಅಮ್ಮನ ಕೈಯಿಂದ ಕುಂಕುಮ ತಪ್ಪಬಾರದು ಅಂತ. ಕಾರಿನಲ್ಲಿ ಕೂತು ನಾನು ಅತ್ತ ಅಳು ನಮ್ಮ ಯಜಮಾನರಿಗೆ ಗಾಬರಿ ಹುಟ್ಟಿಸಿತು. ಅಮ್ಮನಿಗೆ ಅವರು ಹೋದ ಸುದ್ದಿ ಹೇಳಿದೆನೇ ಹೊರತು ಇದನ್ನು ಹೇಳಲಿಲ್ಲ. ತಾನು ಅಷ್ಟು ಪ್ರೀತಿಯಿಂದ ಮಾಡಿದ್ದು ಅವರಿಗೆ ಕಾಣಲೇ ಇಲ್ಲ ಅಂತ ಗೊತ್ತಾದರೆ ಎಷ್ಟು ನೊಂದುಕೊಳ್ಳುತ್ತಾಳೋ, ಮತ್ತೆ ಭರಣಿ ಮುಚ್ಚಿಟ್ಟುಬಿಟ್ಟರೆ ಅಂತ ಭಯ.

ಶನಿವಾರ ಆ ದೀಪ ನೋಡಿದ ಮೇಲೆ ಒಳಗೆ ಇಟ್ಟುಕೊಳ್ಳಲಾಗಲಿಲ್ಲ. ಭಾನುವಾರ ಫೋನಿನಲ್ಲಿ ಅಮ್ಮನಿಗೆ ಹೇಳಿಬಿಟ್ಟೆ.

"ಗೊತ್ತಿತ್ತು ಕಣೇ," ಅಂದಳು ಅಮ್ಮ. "ಒಂದಿನ ಬಾಗಿಲಿನ ನಾಣ್ಯ ಕೊಟ್ಟೆ, ಸಿಟ್ಟಿಂಗ್ ಅಂದ್ರು. ಅವರು ನೊಂದ್ಕೋಬಾರ್ದು ಅಂತ ನಾನೂ ಯೆಸ್ ಯೆಸ್ ಅಂದೆ. ಆಮೇಲೂ ದಿನಾ ಹಚ್ಚಿಕೊಟ್ಟೆ."

ಆಮೇಲೆ ಅಮ್ಮ, ಸರಿ, ಇವತ್ತು ದೇವರಿಗೆ ಇನ್ನೂ ಕುಂಕುಮ ಇಟ್ಟಿಲ್ಲ, ಇಟ್ಟು ಬರ್ತೀನಿ ಇರು ಅಂದು ಫೋನು ಕೆಳಗಿಟ್ಟು ಹೋದಳು. ನಾನು ಕಾಯುತ್ತ ನಿಂತೆ.